ಸೊನ್ನೆಯೊಳಗಿನ ಹೊಗೆ

ತೈವಾನಿನ ಗಾಂಗ್‌ಶಾನ್ ಪಟ್ಟಣದಲ್ಲಿ ಆಡಿನ ಮಾಂಸದ ಸಾರು ಕುದಿಯುವ ಹಂಡೆಯ ಮುಂದೆ ಕುಳಿತವರು ಸಾಮಾನ್ಯವಾಗಿ ನಾಲಿಗೆ ಸುಟ್ಟುಕೊಳ್ಳುತ್ತಾರೆ. ನಮ್ಮ ತೂ ಯಜಮಾನರು ಅಷ್ಟಕ್ಕೇ ನಿಲ್ಲದೆ, ಅದೇ ನಾಲಿಗೆಯಿಂದ ತಮ್ಮ ಕಾರ್ಖಾನೆಯ ನೆಮ್ಮದಿಯನ್ನೂ ಸುಟ್ಟುಕೊಂಡರು.

ಅಂದು ಕೈಗಾರಿಕಾ ಸಂಘದ ವರ್ಷದ ಕೊನೆಯ ಔತಣ. ಕಾಳಿನ ಖಾರದ ಗೊಜ್ಜು ನೆತ್ತಿಗೇರಿತ್ತು, ಗೌಲಿಯಾಂಗ್ ಮದ್ಯ ಅದಕ್ಕಿಂತ ಮೇಲಕ್ಕೇರಿತ್ತು. ಯಜಮಾನರು ಎದ್ದು ನಿಂತು ಎದೆ ತಟ್ಟಿಕೊಂಡರು.

"ನಮ್ಮ ಹೋ-ಲೈ ಸ್ಕ್ರೂ ಕಾರ್ಖಾನೇಲಿ ಸುಡೋದು ಅಂತ ಒಂದು ಪದಾರ್ಥ ಇಲ್ಲ! ಬೆಂಕಿಕಡ್ಡಿ ಗೀರಿದ ಹೊಗೆ ಕೂಡ ಇಲ್ಲ! ಸೊನ್ನೆ! ದುಂಡು ಸೊನ್ನೆ!"

ಎದುರಿಗೆ ಕುಳಿತಿದ್ದ ಪಕ್ಕದ ನಟ್ ಕಾರ್ಖಾನೆಯ ಗುವೋ ಅವರು ಮೂಳೆ ಚೀಪುತ್ತಾ ಕೇಳಿದರು: "ಹೌದಾ ತೂ ಅಣ್ಣ? ಹಾಗಾದ್ರೆ ಬರೆದು ಕೊಡಿ, ನೋಡೋಣ."

"ಬರೆದೇ ಕೊಡ್ತೀನಿ!"

ಬರೆದು ಕೊಡುವ ಕಾಲವೂ ಅದೇ ಆಗಿತ್ತು. ನಮ್ಮ ಸ್ಕ್ರೂ, ಗುವೋ ಅವರ ನಟ್ಟು ಎರಡನ್ನೂ ಕೊಳ್ಳುವ ದೊಡ್ಡ ಕಂಪನಿಗೆ ಆ ವರ್ಷ ಹೊಸ ನಿಯಮ ಬಂದಿತ್ತು. ಪರಿಸರಕ್ಕೆ ತಾನು ಏನೇನು ಮಾಡುತ್ತೇನೆಂದು ಆ ಕಂಪನಿ ಲೋಕಕ್ಕೆ ಹೇಳಿಕೊಳ್ಳಬೇಕು. ಅದಕ್ಕೆ ಸರಕು ಕೊಡುವ ನಮ್ಮಂಥವರೂ ಹೇಳಿಕೊಳ್ಳಬೇಕು. ಹೇಳಿದ್ದು ನಿಜವೇ ಎಂದು ಹೊರಗಿನ ಪರಿಶೀಲಕರೊಬ್ಬರು ಬಂದು ನೋಡಬೇಕು. ಹಳೆಯ ನಿಯಮಕ್ಕೆ ಕರೆಂಟ್ ಬಿಲ್ಲು ತೋರಿಸಿದರೆ ಸಾಕಾಗಿತ್ತು. ಹೊಸದಕ್ಕೆ ಮನುಷ್ಯ ಉಸಿರು ಬಿಟ್ಟದ್ದೊಂದನ್ನುಳಿದು ಮಿಕ್ಕಿದ್ದೆಲ್ಲ ಬೇಕಿತ್ತು.

ಯಜಮಾನರ ಮಾತು ಪೂರ್ತಿ ಸುಳ್ಳೂ ಅಲ್ಲ ಎನ್ನಿ. ನಮ್ಮಲ್ಲಿ ತಂತಿಯನ್ನು ತಣ್ಣಗೇ ಕತ್ತರಿಸಿ, ತಣ್ಣಗೇ ಗುದ್ದಿ ಸ್ಕ್ರೂ ಮಾಡುತ್ತಾರೆ. ಕಾಯಿಸುವ ಕೆಲಸಕ್ಕೆ ಬೇರೆ ಕಡೆ ಕಳಿಸುತ್ತಾರೆ. ಸರಕು ಎತ್ತುವ ಗಾಡಿಗೆ ಬ್ಯಾಟರಿ. ಮಧ್ಯಾಹ್ನದ ಊಟ ಡಬ್ಬಿಯಲ್ಲಿ ಬರುತ್ತದೆ. ಕರೆಂಟಿಗೆ ಬೇರೆ ಪುಟವೇ ಇದೆ. ಆದ್ದರಿಂದ 'ಆವರಣದೊಳಗೆ ಸುಡುವ ವಸ್ತುಗಳು' ಎಂಬ ಪುಟದಲ್ಲಿ ಒಂದು ಸೊನ್ನೆ ಇಟ್ಟುಬಿಟ್ಟರೆ ಮುಗಿಯಿತೆಂದು ಯಜಮಾನರು ನಂಬಿದ್ದರು. ನಂಬಿ, ಕೆಂಪು ಬಟ್ಟೆಯ ಮೇಲೆ 'ಹೊಗೆ: ಸೊನ್ನೆ' ಎಂದು ಆನೆಗಾತ್ರದಲ್ಲಿ ಬರೆಸಿ ತಂದೂ ಆಗಿತ್ತು. ಆ ಸೊನ್ನೆಯೊಳಗೆ ಒಬ್ಬ ದೊಡ್ಡ ಮನುಷ್ಯನ ತಲೆ ಆರಾಮಾಗಿ ಹಿಡಿಸುತ್ತಿತ್ತು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಇನ್ನು ಬರೆಯುವವರು ಯಾರು? ನಮ್ಮಲ್ಲಿ ಯಾರ ಕೆಲಸವೂ ಅಲ್ಲದ ಕೆಲಸವೆಲ್ಲ ಕೋ ಯುಂಗ್‌ಶುನ್ ಎಂಬವನ ಕೆಲಸ. ಊರಿಗೆಲ್ಲ ಅವನು ಆಶುನ್. ಶೌಚಾಲಯದ ಕಾಗದ, ಚಹಾಪುಡಿ, ಬೆಂಕಿ ಆರಿಸುವ ಸಿಲಿಂಡರು, ಗೇಟಿನ ಬೀಗ, ಗೋಡೆ ಏರಿ ಬರುವ ಬೆಕ್ಕು, ಇವೆಲ್ಲ ಅವನ ಖಾತೆ. ನಾನು ಲೆಕ್ಕದ ವಿಭಾಗದವಳು. ಅವನ ಮೇಜಿಗೆ ನನ್ನ ಮೇಜು ಅಂಟಿಕೊಂಡಿದೆ. ಮಾತಾಡುವುದಕ್ಕಿಂತ ಕೇಳಿಸಿಕೊಳ್ಳುವುದೇ ನನಗೆ ಅಭ್ಯಾಸವಾದ್ದರಿಂದ ಈ ಕಥೆ ಪೂರ್ತಿ ನನ್ನ ಕಿವಿಗೆ ಬಿದ್ದಿದೆ.

"ಆಶುನ್, ಬೆಂಕಿ ಆರಿಸೋ ಸಿಲಿಂಡರ್ ನಿಂದೇ ಅಲ್ವಾ?" ಎಂದರು ಯಜಮಾನರು.

"ಹೌದು ಯಜಮಾನ್ರೇ."

"ಹಾಗಾದ್ರೆ ಹೊಗೇನೂ ನಿಂದೇ. ಬರಿ."

ಬೇರೆ ಯಾರಾದರೂ ಆಗಿದ್ದರೆ ಸೊನ್ನೆ ಬರೆದು ಚಹಾ ಕುಡಿಯಲು ಹೋಗುತ್ತಿದ್ದರು. ಆಶುನ್‌ನ ತೊಂದರೆ ಏನೆಂದರೆ, ಅವನು ಕೊಟ್ಟ ಕಾಗದವನ್ನು ಓದುತ್ತಾನೆ. ಚಹಾಪುಡಿಯ ಡಬ್ಬಿಯ ಮೇಲೆ 'ಮೂರು ನಿಮಿಷ ಬಿಡಿ' ಎಂದಿದ್ದರೆ ಗಡಿಯಾರ ಹಿಡಿದು ನಿಲ್ಲುವ ಜಾತಿ. ಕಾಗದದಲ್ಲಿ 'ಆವರಣದೊಳಗೆ ಸುಡುವ ಎಲ್ಲವನ್ನೂ ತೂಕದೊಂದಿಗೆ ದಾಖಲಿಸಬೇಕು' ಎಂದಿತ್ತು. 'ಎಲ್ಲವನ್ನೂ' ಎಂಬ ಪದದ ಕೆಳಗೆ ಗೆರೆ ಬೇರೆ.

ಸಲಹೆ ಕೊಡಲು ತೈಪೆಯಿಂದ ಝುವೋ ಎಂಬ ಹುಡುಗಿಯನ್ನು ಕರೆಸಿದ್ದರು. ಬಿಳಿ ಬೂಟು, ಬಿಳಿ ಚೀಲ. ನಮ್ಮ ನೆಲದ ಎಣ್ಣೆ ನೋಡಿ, ನೀರಿಗಿಳಿಯಲು ಒಲ್ಲದ ಕೊಕ್ಕರೆಯ ಹಾಗೆ ಕಾಲೆತ್ತಿ ಇಡುತ್ತಿದ್ದಳು. ಆಶುನ್ ಅವಳ ಹಿಂದೆ ಹಿಂದೆ ಸುತ್ತಿ ಸುತ್ತಿ ಕೇಳತೊಡಗಿದ.

"ಝುವೋ ಮೇಡಂ, ಕೆಲಸದವರ ಸಿಗರೇಟು?"

"ಅದು ಬೇಡ ಕೋ ಅಣ್ಣ."

"ಸೊಳ್ಳೆಬತ್ತಿ?"

"ಬೇಡ."

ಅಷ್ಟರಲ್ಲಿ ವಾಯುಪಡೆಯ ತರಬೇತಿ ವಿಮಾನವೊಂದು ತಲೆಯ ಮೇಲೆ ಗುಡುಗಿಕೊಂಡು ಹೋಯಿತು. ಆಶುನ್ ಮೇಲೆ ನೋಡಿದ. "ಅದು ನಮ್ಮ ಆವರಣದ ಮೇಲೇ ಹೊಗೆ ಬಿಟ್ಟು ಹೋಯ್ತಲ್ಲ, ಮೇಡಂ?"

"ಕೋ ಅಣ್ಣ, ಆಕಾಶ ನಿಮ್ಮದಲ್ಲ!"

ಆಕಾಶ ನಮ್ಮದಲ್ಲ ಎಂದು ಬರೆದುಕೊಂಡ. ಇಂತು ಭೂಮಿಯನ್ನೂ ಬಾನನ್ನೂ ಶೋಧಿಸಿ ಬರಿಗೈಯಲ್ಲಿ ಮರಳಿದ ಆಶುನ್ ಸೊನ್ನೆ ಬರೆಯಲು ಪೆನ್ನು ತೆರೆದನೋ ಇಲ್ಲವೋ, ಕಿಟಕಿಯಿಂದ ಹೊಗೆಯ ಎಳೆಯೊಂದು ಒಳಗೆ ಬಂದು ಅವನ ಮೂಗಿನ ಮುಂದೆ ನಿಂತಿತು.

ಅಂದು ಚಾಂದ್ರಮಾನ ತಿಂಗಳ ಎರಡನೇ ದಿನ. ಎರಡಕ್ಕೂ ಹದಿನಾರಕ್ಕೂ ನಮ್ಮ ಬೀದಿಯ ಕಾರ್ಖಾನೆಗಳೆಲ್ಲ ಬಾಗಿಲ ಮುಂದೆ ಮೇಜು ಹಾಕಿ, ಹಣ್ಣು ಬಿಸ್ಕತ್ತು ಜೋಡಿಸಿ, ಮಣ್ಣಜ್ಜನಿಗೆ ಬಂಗಾರದ ಕಾಗದ, ಅಂದರೆ ದೇವರ ಲೋಕದಲ್ಲಿ ನಡೆಯುವ ದುಡ್ಡು, ಸುಡುತ್ತವೆ. ಮಣ್ಣಜ್ಜ ಎಂದರೆ ನಾವು ನಿಂತ ನೆಲ ಕಾಯುವ ಮುದಿ ದೇವರು. ನಮ್ಮ ಗೇಟಿನ ಎಡಗಡೆ ಮೊಣಕಾಲೆತ್ತರದ ಗುಡಿಯಲ್ಲಿ ಬಿಳಿ ಗಡ್ಡ ಬಿಟ್ಟುಕೊಂಡು ನಗುತ್ತಾ ಕುಳಿತಿದ್ದಾನೆ. ಗುಡಿಯ ಮುಂದೆ ಒಂದು ಹಳೆಯ ಎಣ್ಣೆ ಪೀಪಾಯಿ. ಯಜಮಾನರ ತಂದೆ ಒಂದೇ ಯಂತ್ರ ಇಟ್ಟು ಕಾರ್ಖಾನೆ ಶುರು ಮಾಡಿದ ದಿನ ತಾವೇ ತೂತು ಕೊರೆದು ಮಾಡಿದ್ದು. ಅದರೊಳಗೆ ಯಜಮಾನಿ ಅಮ್ಮನವರು ಒಂದೊಂದೇ ಹಾಳೆ ಬಿಡುತ್ತಿದ್ದರು.

ಆಶುನ್ ಎದ್ದ. ಗೋದಾಮಿಗೆ ಹೋದ. ಸ್ಕ್ರೂ ತೂಗುವ ತಕ್ಕಡಿಯನ್ನು ಎದೆಗವಚಿಕೊಂಡು ಅಂಗಳಕ್ಕೆ ಬಂದ.

"ಅಮ್ಮಾವ್ರೇ, ಒಂದು ನಿಮಿಷ. ಮಿಕ್ಕಿದ ಕಟ್ಟು ಈ ಕಡೆ ಕೊಡಿ."

"ಯಾಕೋ?"

"ತೂಕ ಹಾಕ್ಬೇಕು."

ಯಜಮಾನಿಯ ಕೈಯಲ್ಲಿದ್ದ ಹಾಳೆ ಅರ್ಧ ದಾರಿಯಲ್ಲಿ ನಿಂತಿತು. "ಏನಂದೆ?"

"ಮಣ್ಣಜ್ಜನಿಗೆ ಎಷ್ಟು ಕೊಡ್ತೀವಿ ಅಂತ ಬರೀಬೇಕು. ಹೊಸ ನಿಯಮ."

"ದೇವರಿಗೆ ಕೊಡೋದನ್ನ ತಕ್ಕಡೀಲಿ ಹಾಕ್ತೀಯೇನೋ, ಕತ್ತೆ! ನಿಮ್ಮಪ್ಪನಿಗೆ ಊಟ ಬಡಿಸುವಾಗಲೂ ತೂಗ್ತಿದ್ದೆಯಾ?"

ಬೈಗುಳ ಬಿದ್ದರೂ ಆಶುನ್ ತೂಗಿದ. ತೂಗಿ, ಕೈಮುಗಿದು, "ಕ್ಷಮಿಸು ಅಜ್ಜ, ನಿಯಮ" ಎಂದು ಕಟ್ಟನ್ನು ಹಿಂದಿರುಗಿಸಿದ. ಗೋಡೆಯ ಆಚೆಯಿಂದ ನಟ್ ಕಾರ್ಖಾನೆಯ ಹೆಂಗಸರು ಕುರ್ಚಿಯ ಮೇಲೆ ನಿಂತು ಇದನ್ನೆಲ್ಲ ನೋಡಿದರು. ಮುಂದೆ ನಡೆದದ್ದಕ್ಕೆ ಆ ಕುರ್ಚಿಗಳೇ ಕಾರಣ.

ಸಂಜೆಯ ಹೊತ್ತಿಗೆ ಬೀದಿಯಲ್ಲಿ ಸುದ್ದಿ ಹೀಗಿತ್ತು: ಸರ್ಕಾರ ದೇವರ ಕಾಣಿಕೆಯ ಮೇಲೆ ತೂಕದ ಲೆಕ್ಕದಲ್ಲಿ ತೆರಿಗೆ ಹಾಕುತ್ತಿದೆ. ಮಾರನೆಯ ಬೆಳಿಗ್ಗೆ: ಮುಂದಿನ ತಿಂಗಳಿಂದ ಬಂಗಾರದ ಕಾಗದ ರೇಷನ್ ಚೀಟಿಗೆ ಮಾತ್ರ. ಮಧ್ಯಾಹ್ನ: ಪೂಜಾ ಸಾಮಗ್ರಿ ಅಂಗಡಿಯಲ್ಲಿ ಒಂದು ಹಾಳೆಯೂ ಉಳಿದಿಲ್ಲ; ಅಂಗಡಿಯವನು ಆಶುನ್‌ಗೆ ಒಂದು ಡಬ್ಬಿ ಜೇನು ಕಳಿಸಿದ್ದಾನೆ. ಗುವೋ ಅವರು ಗೋಡೆಯ ಮೇಲಿಂದ ತಲೆ ಹಾಕಿದರು.

"ಏ ಆಶುನ್! ಗಾಳಿ ಈ ಕಡೆಯಿಂದ ಬೀಸಿದಾಗ ನಮ್ಮ ಹೊಗೆ ನಿಮ್ಮ ಅಂಗಳಕ್ಕೆ ಬರುತ್ತಲ್ಲ, ಅದು ಯಾರ ಲೆಕ್ಕ?"

"ಎಲ್ಲಿ ಸುಟ್ಟರೋ ಅವರ ಲೆಕ್ಕ, ಗುವೋ ಮಾಮ."

"ಮತ್ತೆ ನಮ್ಮ ಹೊಗೆ ನಿಮ್ಮ ದೇವರು ಉಂಡುಬಿಟ್ರೆ?"

ಆಶುನ್ ಇದನ್ನೂ ಬರೆದುಕೊಂಡ.

ಮೂರನೆಯ ದಿನ ಆಶುನ್‌ನ ತಾಯಿಯೇ ಸ್ಕೂಟರಿನಲ್ಲಿ ಬಂದಿಳಿದರು. ಹೆಲ್ಮೆಟ್ ತೆಗೆಯುವಷ್ಟೂ ವ್ಯವಧಾನವಿಲ್ಲದೆ ಕಚೇರಿಗೆ ನುಗ್ಗಿ ಮಗನ ಕಿವಿ ಹಿಡಿದರು.

"ದೇವರ ಕಾಣಿಕೆ ತೂಗಿದೆಯಂತೆ! ಮಾರ್ಕೆಟ್‌ನಲ್ಲಿ ಮೂಲಂಗಿ ಮಾರೋಳು ನನ್ನನ್ನ ಕೇಳ್ತಾಳೆ, 'ಅಕ್ಕ, ನಿಮ್ಮ ಮಗ ತೆರಿಗೆ ಇಲಾಖೆ ಸೇರಿದ್ನಾ' ಅಂತ! ಹುಟ್ಟಿದಾಗ ನಿನ್ನನ್ನ ಮಣ್ಣಜ್ಜನ ಮಡಿಲಿಗೆ ಹಾಕಿ ಬೇಡಿಕೊಂಡೋಳು ನಾನು ಕಣೋ!"

"ಅಮ್ಮಾ, ಕಿವಿ! ನಾನೇನೂ ಕಮ್ಮಿ ಮಾಡ್ತಿಲ್ಲ. ಇರೋದನ್ನ ಇದೆ ಅಂತ ಬರೀತಿದೀನಿ ಅಷ್ಟೆ."

ತಾಯಿ ಕೈ ಸಡಿಲಿಸಿದರು. ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಮಗನನ್ನು ನೋಡಿದರು. "ಇದೆ ಅಂತ ಬರೀತಿದೀಯಾ?"

"ಹ್ಞೂಂ."

"ಹಾಗಾದ್ರೆ ಸರಿ. ಇಲ್ಲ ಅಂತ ಮಾತ್ರ ಬರೆದೀಯ, ಮನೆಗೆ ಬರಬೇಡ." ಹೀಗೆಂದು, ತಂದಿದ್ದ ಪೇರಲೆಹಣ್ಣನ್ನು ಮೇಜಿನ ಮೇಲಿಟ್ಟು ಹೋದರು.

ಇಲ್ಲಿಗೆ ಅತ್ತ ತಾಯಿ, ಇತ್ತ ಯಜಮಾನರು. ಏಕೆಂದರೆ ಆ ಹೊತ್ತಿಗೆ ಝುವೋ ಆಶುನ್‌ನ ಕರಡು ಓದಿ, ತಲೆ ಮೇಲೆ ಕೈ ಹೊತ್ತುಕೊಂಡು ಯಜಮಾನರ ಕೋಣೆಗೆ ಹೋಗಿದ್ದಳು. ಕರಡಿನಲ್ಲಿ ಸೊನ್ನೆ ಇರಲಿಲ್ಲ. ಬಂಗಾರದ ಕಾಗದದ ವರ್ಷದ ತೂಕ ಇತ್ತು. ಅದರ ಪಕ್ಕದಲ್ಲಿ ಆಶುನ್‌ನ ಪ್ರಶ್ನೆ: 'ಕಾಗದ ಉರಿಯುವುದು ನಮ್ಮ ಅಂಗಳದಲ್ಲಿ, ಆದ್ದರಿಂದ ಮೊದಲನೇ ವ್ಯಾಪ್ತಿ, ಅಂದರೆ ನಾವೇ ಬಿಟ್ಟ ಹೊಗೆ. ಆದರೆ ಅದನ್ನು ಖರ್ಚು ಮಾಡುವುದು ಮಣ್ಣಜ್ಜ, ಆಚೆ ಲೋಕದಲ್ಲಿ. ಹಾಗಿದ್ದರೆ ಮೂರನೇ ವ್ಯಾಪ್ತಿ, ಅಂದರೆ ನಾವು ಕೊಟ್ಟದ್ದನ್ನು ಬೇರೆಯವರು ಬಳಸಿದ ಹೊಗೆಯೋ?'

ಇದಕ್ಕಿಂತ ಘೋರವಾದದ್ದು ಮುಂದಿನ ಪುಟದಲ್ಲಿತ್ತು. 'ನಿಮ್ಮ ಚಟುವಟಿಕೆಯಿಂದ ಬಾಧಿತರಾದ ನೆರೆಹೊರೆಯವರನ್ನು ವಿಚಾರಿಸಿ ಅಭಿಪ್ರಾಯ ಬರೆಯಿರಿ' ಎಂದು ಹೊಸ ನಿಯಮ ಕೇಳಿತ್ತು. ನಮ್ಮ ಹೊಗೆ ಮೊದಲು ತಾಗುವುದು ಯಾರಿಗೆ? ಆಶುನ್ ಬರೆದಿದ್ದ:

'ಹೆಸರು: ಮಣ್ಣಜ್ಜ. ವಯಸ್ಸು: ತಿಳಿಯದು. ವಾಸ: ಗೇಟಿನ ಎಡಗಡೆ. ಹೊಗೆಯಿಂದ ತೊಂದರೆ ಇದೆಯೇ ಎಂದು ವಿಚಾರಿಸಲಾಯಿತು. ಅಭಿಪ್ರಾಯ: ನಕ್ಕರು.'

ಸುಳ್ಳಲ್ಲ, ನಾನೇ ಸಾಕ್ಷಿ. ದೇವರನ್ನು ಕೇಳಲು ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ನೆಲಕ್ಕೆ ಬಿಡುತ್ತೇವೆ. ಒಂದು ಮೊಗಚಿ ಒಂದು ಅಂಗಾತ ಬಿದ್ದರೆ ಹೌದು. ಎರಡೂ ಮೊಗಚಿದರೆ ಅಲ್ಲ. ಎರಡೂ ಅಂಗಾತ ಬಿದ್ದು ತೊಟ್ಟಿಲಂತೆ ತೂಗಾಡಿದರೆ ದೇವರು ನಗುತ್ತಿದ್ದಾನೆಂದು ಅರ್ಥ. "ಅಜ್ಜ, ನಮ್ಮ ಹೊಗೆ ನಿನಗೆ ತೊಂದರೆಯೇ?" ಎಂದು ಆಶುನ್ ಕೇಳಿದಾಗ ಅವು ತೂಗಾಡಿದ್ದೇ ತೂಗಾಡಿದ್ದು.

ಯಜಮಾನರ ಕೋಣೆಯ ಬಾಗಿಲು ಮುಚ್ಚಿದ್ದರೂ ಮಾತು ಯಂತ್ರಗಳ ಸದ್ದನ್ನು ಮೀರಿ ಕೇಳುತ್ತಿತ್ತು.

"ನಕ್ಕರಂತೆ! ಊರೆಲ್ಲ ನಗುತ್ತೆ! ಬ್ಯಾನರ್ ಬರೆಸಿದೀನಿ ಕಣೋ! ಗುವೋ ಮುಂದೆ ಹೇಳಿದೀನಿ! ಹೊಡೆದು ಹಾಕು ಅದನ್ನ, ಸೊನ್ನೆ ಬರಿ!"

"ಪೀಪಾಯಿ ಇದೆಯಲ್ಲ ಯಜಮಾನ್ರೇ."

"ಇದ್ರೆ ಇರ್ಲಿ! ಪುಟದಲ್ಲಿ ಇರಬಾರದು!"

"ಮಣ್ಣಜ್ಜನ ಎದುರಿಗೇ ಸುಟ್ಟು, ಮಣ್ಣಜ್ಜನ ಎದುರಿಗೇ ಸುಟ್ಟಿಲ್ಲ ಅಂತ ಬರೆಯೋದಾ? ಅವನು ಅಲ್ಲೇ ಕೂತಿರ್ತಾನೆ. ಬೆಳಿಗ್ಗೆ ಗೇಟ್ ತೆಗೆಯೋವಾಗ ಅವನ ಮುಖ ನೋಡೋನು ನಾನು."

"ಹದಿನಾರಕ್ಕೆ ಪರಿಶೀಲಕರು ಬರ್ತಾರೆ. ಅಷ್ಟರೊಳಗೆ ಸೊನ್ನೆ ಪುಟದ ಕೆಳಗೆ ನಿನ್ನ ಹೆಸರು ಇರಬೇಕು. ಇಲ್ಲ ಅಂದ್ರೆ ಹದಿನೇಳಕ್ಕೆ ನೀನು ಇರಲ್ಲ. ತಿಳೀತಾ?"

"ತಿಳೀತು."

"ಏನು ತಿಳೀತು?"

"ಹದಿನೇಳಕ್ಕೆ ಇರಲ್ಲ ಅಂತ."

ಆಶುನ್ ಹೊರಗೆ ಬಂದು ತನ್ನ ಮೇಜಿನ ಖಾನೆಗಳನ್ನು ಒಂದೊಂದಾಗಿ ಖಾಲಿ ಮಾಡತೊಡಗಿದ. ಒಂದು ಟಾರ್ಚು, ಬೆಕ್ಕಿನ ತಿಂಡಿ, ತಾಯಿ ಕೊಟ್ಟ ಪೇರಲೆ. ಹನ್ನೊಂದು ವರ್ಷದ ಸಂಸಾರ ಒಂದು ಊಟದ ಚೀಲದೊಳಗೆ ಕುಳಿತುಬಿಟ್ಟಿತು.

"ಶಿಯಾ ಅಕ್ಕ, ಬೆಕ್ಕಿಗೆ ಸಂಜೆ ಹೊತ್ತು ಹಾಕಿ. ಬೆಳಿಗ್ಗೆ ಹಾಕಿದ್ರೆ ಮಲಗಿಬಿಡುತ್ತೆ" ಎಂದ. ನಾನು ಆಗಲಿ ಎಂದೆ.

ಆದರೆ ಯಜಮಾನರು ಆಶುನ್‌ನನ್ನು ಕಳಿಸುವುದಕ್ಕೆ ಮುಂಚೆ ಅವನ ಹೆಸರನ್ನು ಉಳಿಸಿಕೊಳ್ಳಲು ದಾರಿ ಕಂಡುಕೊಂಡಿದ್ದರು. ನಮ್ಮಲ್ಲಿ ಸಹಿಗೆ ಬೆಲೆಯಿಲ್ಲ, ಮುದ್ರೆಗೆ ಬೆಲೆ. ಕಾರ್ಖಾನೆಯ ಪ್ರತಿಯೊಬ್ಬರ ಹೆಸರು ಕೊರೆದ ಕಿರುಬೆರಳಿನಷ್ಟು ಮರದ ಮುದ್ರೆ ಕಚೇರಿಯಲ್ಲೇ ಇರುತ್ತದೆ. ಸಂಬಳದ ರಸೀದಿಗೆ, ಅಂಚೆಯ ಕಟ್ಟು ಪಡೆಯಲಿಕ್ಕೆ, ಒತ್ತಿದರಾಯಿತು. ಇರುವುದು ನನ್ನ ಖಾನೆಯಲ್ಲಿ. ಬೀಗದ ಕೈ ನನ್ನ ಕೊರಳಲ್ಲಿ.

ಹದಿನಾರನೇ ದಿನ ಬೆಳಗಾಯಿತು; ಮತ್ತೆ ಕಾಗದ ಸುಡುವ ದಿನವೂ ಅದೇ. ಯಜಮಾನರು ಪೀಪಾಯಿಯನ್ನು ಗೋದಾಮಿಗೆ ಸಾಗಿಸಲು ಹೇಳಿದರು. ಕೆಲಸದವರು ಎತ್ತಲು ಹೋದರು. ಯಜಮಾನಿ ಅಮ್ಮನವರು ಅದರ ಮುಂದೆ ಸ್ಟೂಲು ಹಾಕಿಕೊಂಡು ಕುಳಿತರು.

"ಇದು ನನ್ನ ಮಾವ ಕೊರೆದ ಪೀಪಾಯಿ. ಎತ್ತೋದಾದ್ರೆ ನನ್ನನ್ನೂ ಸೇರಿಸಿ ಎತ್ತಿ."

ಸೇರಿಸಿ ಎತ್ತುವಷ್ಟು ಶಕ್ತಿ ಬ್ಯಾಟರಿ ಗಾಡಿಗೂ ಇರಲಿಲ್ಲ. "ಇವತ್ತೊಂದು ದಿನ ಸುಡಬೇಡ ಕಣೇ" ಎಂದು ಯಜಮಾನರು ಕೈಮುಗಿದರು. ಅಮ್ಮನವರು ಕಾಗದದ ಕಟ್ಟು ಬಿಚ್ಚಿದರು. ಕಡೆಗೆ ಯಜಮಾನರಿಗೆ ಹೊಳೆದದ್ದು ಆ ಕೆಂಪು ಬ್ಯಾನರು. ಎರಡು ಕಬ್ಬಿಣದ ಕಂಬ ನೆಟ್ಟು, ಗುಡಿಗೂ ಪೀಪಾಯಿಗೂ ಹೆಂಡತಿಗೂ ಅಡ್ಡವಾಗಿ 'ಹೊಗೆ: ಸೊನ್ನೆ' ಎಂಬುದನ್ನು ಬಿಗಿಯಾಗಿ ಕಟ್ಟಿಸಿದರು.

ಪರಿಶೀಲಕ ಲಾನ್ ಅವರು ಬಂದರು. ತೆಳ್ಳಗೆ, ಎತ್ತರಕ್ಕೆ, ಒಗೆದು ಒಣಹಾಕಿದ ಅಂಗಿಯಂತಿದ್ದರು. ಅವರ ಬಾಯಿಂದ ಬರುತ್ತಿದ್ದುದು ಒಂದೇ ಅಕ್ಷರ: "ಹ್ಞೂಂ." ಕರೆಂಟ್ ಬಿಲ್ಲು ನೋಡಿ ಹ್ಞೂಂ. ನೀರಿನ ಬಿಲ್ಲು ನೋಡಿ ಹ್ಞೂಂ. ಒಂದೊಂದು ಹ್ಞೂಂಗೂ ಯಜಮಾನರ ಹಣೆಯ ಮೇಲೆ ಒಂದೊಂದು ಹನಿ. ಚಹಾ ಕೊಟ್ಟಾಗ ಕುಡಿದು, ಲೋಟ ನೋಡಿ, "ಹ್ಞೂಂ" ಎಂದಾಗಂತೂ ಯಜಮಾನರು ಚಹಾದ ರಸೀದಿ ಹುಡುಕಲು ಓಡಿದರು.

"ಸುಡುವ ವಸ್ತುಗಳ ಪುಟ?" ಲಾನ್ ಮೊದಲ ಬಾರಿಗೆ ಮಾತಾಡಿದರು.

"ಸಿದ್ಧವಾಗಿದೆ ಸಾರ್, ಮುದ್ರೆ ಒತ್ತೋದೊಂದು ಬಾಕಿ!" ಯಜಮಾನರು ನನ್ನತ್ತ ತಿರುಗಿದರು. ದನಿ ಇಳಿಸಿದರು. "ಶಿಯಾ, ಖಾನೆ ತೆಗಿ. ಆಶುನ್ ಮುದ್ರೆ ಒತ್ತು."

ನಾನು ಖಾನೆ ತೆಗೆದೆ. ಮುದ್ರೆಯನ್ನು ಹುಡುಕಿದೆ, ಮೇಲೇ ಇತ್ತು, ಆದ್ದರಿಂದ ಬಹಳ ಹೊತ್ತು ಹುಡುಕಿದೆ. ಆಮೇಲೆ ಚಹಾದ ತಟ್ಟೆ ಎತ್ತಿಕೊಂಡು ಎಲ್ಲರಿಗೂ ಇನ್ನೊಂದು ಸುತ್ತು ಕೊಟ್ಟೆ. ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ ಆಶುನ್‌ಗೂ ಕೊಟ್ಟೆ. ಅವನು ಲೋಟ ಎತ್ತಿದ. ತಟ್ಟೆಯ ಮೇಲೆ ಲೋಟದ ಕೆಳಗೆ ಅವನ ಮುದ್ರೆ ಇತ್ತು.

ಆಶುನ್ ನನ್ನನ್ನು ನೋಡಿದ. ಮುದ್ರೆಯನ್ನು ನೋಡಿದ. ಚಹಾವನ್ನು ಪೂರ್ತಿ ಕುಡಿದ, ದಂಡ ಮಾಡುವ ಅಭ್ಯಾಸ ಅವನಿಗಿಲ್ಲ. ನಂತರ ಮುದ್ರೆ ಹಿಡಿದು ಅಂಗಳಕ್ಕೆ ನಡೆದ.

"ಎಲ್ಲಿಗೋ?" ಯಜಮಾನರು ಅವನ ಹಿಂದೆ. ಝುವೋ ಅವರ ಹಿಂದೆ. "ಹ್ಞೂಂ?" ಎನ್ನುತ್ತಾ ಲಾನ್ ಅವಳ ಹಿಂದೆ. ಗೋಡೆಯ ಆಚೆ ಕುರ್ಚಿಗಳನ್ನು ಎಳೆದಾಡುವ ಸದ್ದು.

ಅಂಗಳದಲ್ಲಿ ಬ್ಯಾನರಿನ ಮೇಲಂಚಿನಿಂದ ನೀಲಿ ಹೊಗೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು.

"ಅದೇನು?" ಎಂದರು ಲಾನ್.

"ಮಂಜು ಸಾರ್!" ಎಂದರು ಯಜಮಾನರು. ಬೆವರು ಗದ್ದದಿಂದ ತೊಟ್ಟಿಕ್ಕುವ ಬಿಸಿಲು ಅದು.

ಮಣ್ಣಜ್ಜನಿಗೆ ಇಷ್ಟು ದೊಡ್ಡ ಸುಳ್ಳು ತಡೆಯಲಿಲ್ಲವೋ ಏನೋ, ಪೀಪಾಯಿಯಿಂದ ಕಿಡಿಯೊಂದು ಹಾರಿ ಬಟ್ಟೆಗೆ ಕಚ್ಚಿತು. ಸರಿಯಾಗಿ ಸೊನ್ನೆಯ ನಡುವೆ ಕಪ್ಪು ಚುಕ್ಕಿ ಕಾಣಿಸಿತು. ಚುಕ್ಕಿ ಬೊಟ್ಟಾಯಿತು, ಬೊಟ್ಟು ತಟ್ಟೆಯಾಯಿತು, ತಟ್ಟೆ ಪರಾತವಾಯಿತು. ಸೊನ್ನೆಯ ಹೊಟ್ಟೆ ಪೂರ್ತಿ ಕರಗಿಹೋದಾಗ ಆ ಕಿಂಡಿಯಲ್ಲಿ, ಹೊಗೆಯ ಪ್ರಭಾವಳಿಯ ಮಧ್ಯೆ, ಯಜಮಾನಿ ಅಮ್ಮನವರ ಮುಖ ಮೂಡಿತು.

"ಏನ್ರೀ," ಎಂದಿತು ಮುಖ, "ಯಾರು ಮಂಜು?"

ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದರು.

ಆಶುನ್ ಬ್ಯಾನರಿನ ಪಕ್ಕದಿಂದ ಬಳಸಿ ಹೋದ. ಮಣ್ಣಜ್ಜನಿಗೆ ತಲೆಬಾಗಿದ. ಮುದ್ರೆಯನ್ನು ಎತ್ತಿ ಹಿಡಿದು, "ಸಾರ್, ಇದು ನನ್ನ ಹೆಸರು. ಇಲ್ಲಿ ಏನೂ ಸುಡಲ್ಲ ಅನ್ನೋ ಪುಟದ ಮೇಲೆ ಇದನ್ನ ಒತ್ತಬೇಕು ಅಂತಾರೆ. ಒತ್ತೋಕೆ ಆಗಲ್ಲ" ಎಂದವನೇ ಅದನ್ನು ಪೀಪಾಯಿಯೊಳಗೆ ಹಾಕಿಬಿಟ್ಟ.

ಒಣಗಿದ ಮರ, ಚಟಚಟನೆ ಹತ್ತಿಕೊಂಡಿತು.

"ನಿನ್ನ ಕೆಲಸ ಹೋಯ್ತು!" ಯಜಮಾನರು ಕೂಗಿದರು. "ಹದಿನೇಳರವರೆಗೂ ಬೇಡ, ಈಗಲೇ ಹೋಯ್ತು!"

"ಹೋಗ್ಲಿ. ಸಾರ್, ಮುದ್ರೆ ತೂಗೋದು ಮರೆತುಬಿಟ್ಟೆ. ಅದನ್ನೂ ಪುಟಕ್ಕೆ ಸೇರಿಸಬೇಕಲ್ವಾ?"

ಲಾನ್ ಪೀಪಾಯಿಯ ಹತ್ತಿರ ಬಂದು ಬಗ್ಗಿ ನೋಡಿದರು. "ಮರ. ಕಾಗದದ ಜೊತೆಗೇ ಬರೀಬೇಕು" ಎಂದರು. ತಲೆಯೆತ್ತಿ ಕಿಂಡಿ ನೋಡಿದರು. "ಬಟ್ಟೆ ನೈಲಾನು. ಅದಕ್ಕೆ ಬೇರೆ ಸಾಲು."

ಆಮೇಲೆ ಆಶುನ್ ಚೀಲದಿಂದ ತೆಗೆದ, ಯಜಮಾನರು ಬೇಡವೆಂದಿದ್ದ ಕರಡನ್ನು ಇಸಿದುಕೊಂಡು ಓದತೊಡಗಿದರು. 'ಅಭಿಪ್ರಾಯ: ನಕ್ಕರು' ಎಂಬಲ್ಲಿ ಅವರ ಬೆರಳು ನಿಂತಿತು. ಒಣಹಾಕಿದ ಅಂಗಿ ಅಲುಗಾಡಿತು. ಮೊದಲು ಭುಜ, ಆಮೇಲೆ ಹೊಟ್ಟೆ. ಲಾನ್ ನಗುತ್ತಿದ್ದರು. ಕಣ್ಣೊರೆಸಿಕೊಂಡು, ಮತ್ತೆ ಗಂಭೀರರಾಗಿ ಹೇಳಿದರು:

"ಸೊನ್ನೆ ಬರೆದಿದ್ರೆ ವಾಪಸ್ ಕಳಿಸ್ತಿದ್ದೆ. ಈ ಕರಡು ಸಾಕು. ಆದ್ರೆ ನೀವು ಸುಮ್ಮನೆ ಇಷ್ಟೆಲ್ಲ ಕಷ್ಟಪಟ್ಟಿದೀರಿ. ಇಷ್ಟು ಚಿಕ್ಕ ತೂಕಕ್ಕೆ ನಿಯಮದಲ್ಲೇ ದಾರಿ ಇದೆ. 'ಕಾಣಿಕೆಯ ಕಾಗದ, ಗಣನೆಗೆ ಬಾರದಷ್ಟು ಅಲ್ಪ' ಅಂತ ಒಂದು ಸಾಲು ಬರೆದು ಬಿಟ್ಟುಬಿಡಬಹುದು."

ಝುವೋ ನಿಟ್ಟುಸಿರು ಬಿಟ್ಟಳು. ಕಥೆ ಇಲ್ಲಿಗೆ ಮಂಗಳ ಹಾಡಬೇಕಿತ್ತು. ಆದರೆ ಸೊನ್ನೆಯೊಳಗಿನ ಮುಖ ಕೆಂಪಾಯಿತು.

"ಗಣನೆಗೆ ಬಾರದ್ದಾ?" ಎಂದಿತು. "ನಾನು ಮದುವೆಯಾಗಿ ಬಂದಾಗಿನಿಂದ ಬಿಸಿಲಲ್ಲಿ ನಿಂತು ಕೊಡ್ತಿರೋದು ಗಣನೆಗೆ ಬಾರದ್ದಾ?"

"ಅಲ್ಪವಂತೆ!" ಗೋಡೆಯ ಮೇಲಿಂದ ಗುವೋ ಅವರ ದನಿ. "ತೂ ಅಣ್ಣ, ನೀವು ದೇವರಿಗೆ ಕೊಡೋದು ಅಲ್ಪವಂತೆ! ನಮ್ಮ ಕಡೆ ಹೊಗೆ ನೋಡಿ, ಕಂಬದ ಹಾಗೆ ನಿಂತಿದೆ!"

ಅಲ್ಲಿಯವರೆಗೆ ಬೆವರುತ್ತಿದ್ದ ತೂ ಯಜಮಾನರ ಬೆವರು ಅಲ್ಲೇ ಇಂಗಿತು. ಕುತ್ತಿಗೆಯ ನರ ಉಬ್ಬಿತು. ಅವರು ಲಾನ್ ಮುಂದೆ ಹೋಗಿ ನಿಂತು, ಔತಣದಲ್ಲಿ ತಟ್ಟಿದ ಎದೆಯನ್ನೇ ಮತ್ತೆ ತಟ್ಟಿದರು.

"ಸಾರ್! ನಮ್ಮಪ್ಪ ಊಟ ಬಿಟ್ಟ ದಿನ ಇದೆ, ಈ ಪೀಪಾಯಿಗೆ ಕಾಗದ ತಪ್ಪಿಸಿದ ದಿನ ಇಲ್ಲ! ಯಾವನ್ರೀ ಅಲ್ಪ ಅನ್ನೋನು? ಯಾವ ನಿಯಮ? ಕರ್ಕೊಂಬನ್ನಿ ಆ ನಿಯಮಾನ ಇಲ್ಲಿ! ಆಶುನ್! ಬರಿ ಕಣೋ! ಮೊದಲನೇ ಸಾಲಲ್ಲೇ ಬರಿ, ದಪ್ಪ ಅಕ್ಷರದಲ್ಲಿ ಬರಿ!"

"ನನ್ನ ಕೆಲಸ ಹೋಯ್ತಲ್ಲ ಯಜಮಾನ್ರೇ."

"ಬರೆದು ಹೋಗು!"

"ಯಾರೂ ಎಲ್ಲಿಗೂ ಹೋಗಲ್ಲ," ಎಂದಿತು ಸೊನ್ನೆಯೊಳಗಿನ ಮುಖ. "ಬೆಕ್ಕಿಗೆ ಹಾಕೋರು ಯಾರು?"

ಆಶುನ್ ಗುಡಿಯ ಮುಂದೆಯೇ ಕುಕ್ಕರಗಾಲಲ್ಲಿ ಕುಳಿತು ಹೊಸ ಪುಟ ಬರೆದ. ಕಾಗದ, ಮುದ್ರೆ, ಬ್ಯಾನರು. ಮುದ್ರೆಯ ತೂಕಕ್ಕೆ ನನ್ನ ಮುದ್ರೆಯನ್ನು ತಂದು ತಕ್ಕಡಿಗೆ ಹಾಕಿದೆವು. ಎರಡೂ ಒಂದೇ ಅಂಗಡಿಯಲ್ಲಿ ಒಂದೇ ಅಳತೆಗೆ ಕೊರೆಸಿದ್ದವು. ಕೆಳಗೆ ಒತ್ತಲು ಮುದ್ರೆಯಿಲ್ಲವಲ್ಲ, ಪೀಪಾಯಿಯ ಬೂದಿಗೆ ಹೆಬ್ಬೆಟ್ಟು ಅದ್ದಿದ. ಒತ್ತುವ ಮೊದಲು ಯಜಮಾನರು ಅವನ ಭುಜದ ಮೇಲಿಂದ ಬಗ್ಗಿ ನೋಡಿದರು. ಗೋಡೆಯ ಕಡೆ ಒಮ್ಮೆ ಕಣ್ಣು ಹಾಯಿಸಿ ಕಿವಿಯಲ್ಲಿ ಪಿಸುಗುಟ್ಟಿದರು.

"ಇಷ್ಟೇನಾ? ಗುವೋದು ಇದಕ್ಕಿಂತ ಜಾಸ್ತಿ ಇರುತ್ತೆ ಕಣೋ. ಸ್ವಲ್ಪ ಏರಿಸು."

ಆಶುನ್ ಬೂದಿಯ ಹೆಬ್ಬೆಟ್ಟನ್ನು ಪುಟದ ಮೇಲೆ ಎತ್ತಿ ಹಿಡಿದೇ ಹೇಳಿದ: "ಆಗಲ್ಲ ಯಜಮಾನ್ರೇ. ಇದ್ದಷ್ಟೇ."

"ದುಪ್ಪಟ್ಟು ಬರಿ ಅಂದೆ!"

"ಇದ್ದಷ್ಟೇ."

"ಕೆಲಸದಿಂದ ತೆಗೀತೀನಿ!"

"ತೆಗೀರಿ," ಎಂದು ಆಶುನ್ ಹೆಬ್ಬೆಟ್ಟು ಒತ್ತಿದ.